ಎರಡು ಲಕೋಟೆ, ಒಂದೇ ವರದಿ: ಪತ್ರಕರ್ತರ ಸಂಘವೊಂದರ ಪ್ರಶಸ್ತಿ ಪ್ರಕರಣ

14ನೇ ನಂಬರಿನ ವರದಿ ಓದಿ, ಅಂಕ ಹಾಕಿ ಪಕ್ಕಕ್ಕಿಟ್ಟಿದ್ದೆ. ಊಟ ಮುಗಿಸಿ ಬಂದು 27ನೆಯದನ್ನು ಕೈಗೆತ್ತಿಕೊಂಡಾಗ ಮೊದಲ ಸಾಲಿಗೇ ಗುಮಾನಿ ಬಂತು. ಅದೇ ಬೀಗ ಹಾಕಿದ ನೀರಿನ ಘಟಕ, ಅದೇ ಖಾಲಿ ಕೊಡಗಳ ಸಾಲು, ಅದೇ ಲೆಕ್ಕ. ಟೈಪ್ ಮಾಡಿದವರು ಒಂದೇ ಕ್ಲಿಪ್ಪಿಂಗನ್ನು ಎರಡು ಸಲ ಹೊಡೆದಿರಬೇಕು ಎಂದುಕೊಂಡು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ಕಡತ ತಿರುವಿ ಹೇಳಿದರು: ‘ಇಲ್ಲ ಸಾರ್, ಲಕೋಟೆ ಎರಡಿವೆ. ಕಳಿಸಿದವರೂ ಇಬ್ಬರು.’

ಜಿಲ್ಲಾ ಕೇಂದ್ರವೊಂದರ ಪತ್ರಕರ್ತರ ಸಂಘದ ವಾರ್ಷಿಕ ಪ್ರಶಸ್ತಿಗಳಿಗೆ ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿ ಕೂತಿದ್ದಾಗ ನಡೆದದ್ದು ಇದು. ನಾನು ಪತ್ರಿಕೆಯ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿಯನ್ನು ತಿದ್ದಿ ಪುಟಕ್ಕೆ ಕೂರಿಸುವ ವಿಭಾಗದಲ್ಲಿ, ಉಪಸಂಪಾದಕನಾಗಿದ್ದು ನಿವೃತ್ತನಾದವನು. ಜಿಲ್ಲೆ ಯಾವುದು, ಪತ್ರಿಕೆ ಯಾವುದು, ಆ ಇಬ್ಬರು ಯಾರು ಎಂದು ತಿಳಿಯದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ತೀರ್ಮಾನ ಯಾವಾಗ ಆಯಿತು, ಎಲ್ಲಿ ಎಡವಿದೆವು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಪ್ರಶಸ್ತಿ ಕೊಡುವ ಇತರ ಸಂಘಗಳವರಿಗೆ ಉಪಯೋಗಕ್ಕೆ ಬರುವುದು ಆ ಭಾಗವೇ.

ದತ್ತಿ, ಬಡ್ಡಿ ಮತ್ತು ಸರದಿ

1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆಯ ಆ ದಿನವೇ ನಮ್ಮಲ್ಲಿ ಪತ್ರಿಕಾ ದಿನ. ಈ ಸಂಘವೂ ಪ್ರಶಸ್ತಿ ಕೊಡುವುದು ಅಂದೇ. ‘ಅಂದೇ’ ಎಂದರೆ ಮುಖ್ಯ ಅತಿಥಿಗಳ ಪುರುಸೊತ್ತು ನೋಡಿಕೊಂಡು ಜುಲೈ ತಿಂಗಳಲ್ಲಿ ಯಾವಾಗಲಾದರೂ.

ಸದಸ್ಯರು ಸುಮಾರು 140. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದೆ. ಪತ್ರಿಕಾ ಭವನದಲ್ಲಿ ಗೋಷ್ಠಿ ನಡೆಸುವವರಿಂದ ಬರುವ ಶುಲ್ಕವೇ ನಿತ್ಯದ ಆದಾಯ. ಪ್ರಶಸ್ತಿಗಳು ನಡೆಯುತ್ತಿದ್ದುದು ದತ್ತಿ ಹಣದಿಂದ. ತೀರಿಕೊಂಡ ಹಿರಿಯ ಪತ್ರಕರ್ತರ ಹೆಸರಿನಲ್ಲಿ ಅವರ ಮನೆಯವರೋ ಸ್ನೇಹಿತರೋ ಒಂದಿಷ್ಟು ದುಡ್ಡು ಠೇವಣಿ ಇಡುತ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಪ್ರಶಸ್ತಿ. ನಾಲ್ಕರಿಂದ ಶುರುವಾದದ್ದು ನಾನು ಹೋಗುವ ಹೊತ್ತಿಗೆ 17 ಆಗಿತ್ತು. ‘ಅತ್ಯುತ್ತಮ ಮಾನವೀಯ ವರದಿ’ ಎಂಬುದೂ ಇತ್ತು, ‘ಅತ್ಯುತ್ತಮ ಮಾನವಾಸಕ್ತಿ ವರದಿ’ ಎಂಬುದೂ ಇತ್ತು. ವ್ಯತ್ಯಾಸವೇನು ಎಂದು ಕೇಳಿದೆ. ‘ದತ್ತಿ ಬೇರೆ ಬೇರೆ ಸಾರ್’ ಎಂಬ ಉತ್ತರ ಬಂತು.

ಬಡ್ಡಿಯ ಲೆಕ್ಕವನ್ನೂ ಇಲ್ಲಿ ಹೇಳಬೇಕು. ನಮ್ಮ ಪ್ರಕರಣದ ಗ್ರಾಮಾಂತರ ವರದಿ ಪ್ರಶಸ್ತಿಯ ದತ್ತಿ 1996ರದ್ದು, ಮೊತ್ತ ₹10 ಸಾವಿರ. ಆಗ ಬ್ಯಾಂಕುಗಳು ಠೇವಣಿಗೆ ಶೇ 12ರ ಆಸುಪಾಸು ಬಡ್ಡಿ ಕೊಡುತ್ತಿದ್ದವು. ವರ್ಷಕ್ಕೆ ₹1,200. ಅಂದಿನ ಕಾಲಕ್ಕೆ ಶಾಲು, ಹಾರ, ಫಲಕ ಎಲ್ಲ ಮುಗಿದು ವಿಜೇತರ ಕೈಗೆ ನಗದೂ ಉಳಿಯುತ್ತಿತ್ತು. ಅದೇ ಠೇವಣಿಗೆ ಈಗ ಶೇ 7 ಸಿಕ್ಕರೆ ₹700. ಫಲಕದ ಖರ್ಚೂ ಹುಟ್ಟದು. ಪ್ರಶಸ್ತಿ ಮೊತ್ತವನ್ನು ಸಂಘ ₹5 ಸಾವಿರಕ್ಕೆ ಏರಿಸಿತ್ತು. ಕೊರತೆ ತುಂಬುತ್ತಿದ್ದವರು ಪ್ರಾಯೋಜಕರು: ಬಡಾವಣೆ ಮಾಡುವವರು, ಶಿಕ್ಷಣ ಸಂಸ್ಥೆ ನಡೆಸುವವರು, ಕ್ರಷರ್ ಮಾಲೀಕರು. ಯಾರ ಬಗ್ಗೆ ವರದಿ ಬರೆಯಬೇಕೋ ಅವರೇ ವೇದಿಕೆಯ ಮೇಲೆ ನಿಂತು ವರದಿಗಾರನಿಗೆ ಶಾಲು ಹೊದಿಸುವ ಮುಜುಗರ ಅದು. ಅದು ಬೇರೆಯೇ ಪ್ರಕರಣ, ಇನ್ನೊಮ್ಮೆ ಬರೆದೇನು.

ಆಯ್ಕೆ ಹೇಗೆ ನಡೆಯುತ್ತಿತ್ತು? ಕಾರ್ಯಕಾರಿ ಸಮಿತಿ ಜೂನ್ ಕೊನೆಯಲ್ಲಿ ಒಂದು ಸಂಜೆ ಸೇರುತ್ತಿತ್ತು. ‘ಈ ಸಲ ಯಾರು ಬಾಕಿ ಇದ್ದಾರೆ?’ ಎಂಬಲ್ಲಿಂದ ಮಾತು ಆರಂಭ. ಇವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ, ಅವರಿಗೆ ಬೈಪಾಸ್ ಆಗಿದೆ, ಇನ್ನೊಬ್ಬರು ಕಳೆದ ಚುನಾವಣೆಯಲ್ಲಿ ನಮ್ಮ ಪರ ನಿಂತಿದ್ದರು. ವರದಿಯ ಮಾತು ಬರುತ್ತಿದ್ದುದು ಕಡಿಮೆ. ಇದನ್ನು ಪೂರ್ತಿ ಹಳಿಯಲು ನನಗೆ ಮನಸ್ಸಿಲ್ಲ. ಮೂವತ್ತು ವರ್ಷ ಸುದ್ದಿ ಹಿಂದೆ ಓಡಿ, ಪಿಂಚಣಿಯೂ ಇಲ್ಲದೆ ಮನೆಗೆ ಹೋಗುವವನಿಗೆ ನಾಲ್ಕು ಜನರೆದುರು ಒಂದು ಶಾಲು ಸಿಗಬೇಕಾದ್ದೇ. ಆದರೆ ಅದಕ್ಕೆ ಸನ್ಮಾನ ಎಂಬ ಹೆಸರಿದೆ. ಸನ್ಮಾನ ಮನುಷ್ಯನಿಗೆ, ಪ್ರಶಸ್ತಿ ಅವನು ಮಾಡಿದ ಕೆಲಸಕ್ಕೆ. ಸಂಘ ಎರಡನ್ನೂ ಒಂದೇ ಹಣ್ಣಿನ ಬುಟ್ಟಿಗೆ ಹಾಕಿತ್ತು.

ಹೊಸ ಪದ್ಧತಿ

ಆ ವರ್ಷ ಗೆದ್ದು ಬಂದ ಅಧ್ಯಕ್ಷರು ಇದನ್ನೆಲ್ಲ ಬದಲಿಸಲು ಹೊರಟರು. ಅರ್ಜಿ ಹಾಕಿದವರಿಗಷ್ಟೇ ಪ್ರಶಸ್ತಿ, ತೀರ್ಪುಗಾರರು ಜಿಲ್ಲೆಯ ಹೊರಗಿನವರು, ವರದಿ ಯಾರದ್ದೆಂದು ಅವರಿಗೆ ಗೊತ್ತಾಗಬಾರದು. ನಿವೃತ್ತ ಸಂಪಾದಕರೊಬ್ಬರು, ಪತ್ರಿಕೋದ್ಯಮ ಕಲಿಸುವ ಅಧ್ಯಾಪಕಿಯೊಬ್ಬರು ಮತ್ತು ನಾನು ಒಪ್ಪಿಕೊಂಡೆವು.

ಮೊದಲ ತೊಡಕು ನಾವು ಯೋಚಿಸಿಯೇ ಇರದ ಕಡೆಯಿಂದ ಬಂತು. ಅರ್ಜಿಗಳೇ ಬರಲಿಲ್ಲ. ಕೊನೆಯ ದಿನ ಮುಗಿದಾಗ 17 ಪ್ರಶಸ್ತಿಗೆ 9 ಲಕೋಟೆ ಬಂದಿದ್ದವು. ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರಂತೆ: ‘ಪ್ರಶಸ್ತಿ ಹುಡುಕಿಕೊಂಡು ಬರಬೇಕು, ನಾವು ಕೈಯೊಡ್ಡಬಾರದು.’ ಆ ಭಾವನೆ ಸಂಘದಲ್ಲಿ ಅವರೊಬ್ಬರದ್ದೇ ಆಗಿರಲಿಲ್ಲ. ಗಡುವು ಹದಿನೈದು ದಿನ ಮುಂದಕ್ಕೆ ಹೋಯಿತು. ಅಧ್ಯಕ್ಷರು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಕೊನೆಗೆ 41 ಬಂದವು.

ಎರಡನೆಯ ತೊಡಕು ಹೆಸರು ಮುಚ್ಚುವುದು. ಕ್ಲಿಪ್ಪಿಂಗಿನ ಮೇಲೆ ಬೈಲೈನ್‌ಗೆ, ಅಂದರೆ ವರದಿಯೊಂದಿಗೆ ಅಚ್ಚಾಗುವ ವರದಿಗಾರನ ಹೆಸರಿಗೆ, ಬಿಳಿ ಕಾಗದ ಅಂಟಿಸಿ ಕಳಿಸೋಣ ಎಂದಿದ್ದರು. ಅಕ್ಷರದ ಮಾದರಿ, ಕಾಲಂ ಅಗಲ, ಶೀರ್ಷಿಕೆಯ ಧಾಟಿ ಕಂಡರೆ ಪತ್ರಿಕೆ ಯಾವುದೆಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಪತ್ರಿಕೆ ಗೊತ್ತಾದರೆ ಜಿಲ್ಲೆಯಲ್ಲಿ ಅದರ ವರದಿಗಾರ ಯಾರು ಎಂಬುದೇನು ಗುಟ್ಟೇ? ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಸಿ, ನಂಬರು ಹಾಕಿ ಕಳಿಸಿ ಎಂದೆವು. ಈ ಒಂದು ಹಟ ಮಾಡದೆ ಇದ್ದಿದ್ದರೆ ಮುಂದಿನದು ಬೆಳಕಿಗೆ ಬರುತ್ತಿರಲಿಲ್ಲ. ಹೆಸರು ನೋಡಿ ಓದುವವರಿಗೆ ವರದಿ ಮೇಲೆ ಅಷ್ಟು ಗಮನ ಇರುವುದಿಲ್ಲ. ನಾವೂ ಅಷ್ಟೇನೂ ಸುಭಗರಲ್ಲ. ನಮ್ಮ ಮೂವರಲ್ಲಿ ಒಬ್ಬರು ಎರಡೂ ಒಂದೇ ಎಂದು ಗಮನಿಸದೆ 14ಕ್ಕೆ 62 ಅಂಕ, 27ಕ್ಕೆ 74 ಅಂಕ ಹಾಕಿದ್ದರು. ಆಮೇಲೆ ಆ ವಿಷಯ ಎತ್ತಿದರೆ ಅವರು ಮಾತು ಬದಲಿಸುತ್ತಿದ್ದರು.

ಲಕೋಟೆಯೊಳಗೆ ಏನಿತ್ತು

ವರದಿ ಒಂದು ತಾಲ್ಲೂಕಿನ ಶುದ್ಧ ಕುಡಿಯುವ ನೀರಿನ ಘಟಕಗಳ ಕುರಿತದ್ದು. ನಾಣ್ಯ ಹಾಕಿದರೆ ಕ್ಯಾನ್ ತುಂಬುವ ಈ ಘಟಕಗಳು ನಮ್ಮ ಹಳ್ಳಿಗಳಲ್ಲಿ ಎಲ್ಲ ಕಡೆ ಇವೆ. ಎಷ್ಟು ನಡೆಯುತ್ತಿವೆ ಎಂಬುದು ಬೇರೆ ಮಾತು. ಈ ವರದಿ ಹೇಳಿದ್ದು: ತಾಲ್ಲೂಕಿನ 31 ಘಟಕಗಳ ಪೈಕಿ 19ಕ್ಕೆ ಬೀಗ ಬಿದ್ದಿದೆ, ಆದರೆ ಜಿಲ್ಲಾ ಪಂಚಾಯಿತಿ ಕಡತದಲ್ಲಿ ಕೆಟ್ಟಿರುವುದು ನಾಲ್ಕೇ, ಉಳಿದವುಗಳ ನಿರ್ವಹಣೆಗೆ ಗುತ್ತಿಗೆದಾರರಿಗೆ ಬಿಲ್ ಪಾವತಿಯಾಗುತ್ತಲೇ ಇದೆ. ಊರೂರಿನ ಹೆಸರು, ಯಾವ ಘಟಕ ಎಷ್ಟು ತಿಂಗಳಿಂದ ನಿಂತಿದೆ, ಏಕೆ ನಿಂತಿದೆ, ಎಲ್ಲವೂ ಪಟ್ಟಿಯಲ್ಲಿತ್ತು. ಅಂಕಗಳ ಗೊಂದಲ ಏನೇ ಇರಲಿ, ಗ್ರಾಮಾಂತರ ವಿಭಾಗದಲ್ಲಿ ಇದಕ್ಕೆ ಸಾಟಿಯಾಗುವ ಇನ್ನೊಂದು ವರದಿ ಇರಲಿಲ್ಲ.

27ನೇ ಲಕೋಟೆ ಜಿಲ್ಲಾ ವರದಿಗಾರರದ್ದು. ಬೈಲೈನ್ ಅವರ ಹೆಸರಿನಲ್ಲಿ, ಡೇಟ್‌ಲೈನ್ (ಸುದ್ದಿ ಯಾವ ಊರಿನಿಂದ ಎಂದು ಹೇಳುವ ಸಾಲು) ಜಿಲ್ಲಾ ಕೇಂದ್ರದ್ದು. ಅರ್ಜಿ ನಮೂನೆ, ಕ್ಲಿಪ್ಪಿಂಗ್, ಸಂಪಾದಕರ ಪತ್ರ, ಎಲ್ಲ ನಿಯಮದ ಪ್ರಕಾರ.

14ನೆಯದು ಅದೇ ಪತ್ರಿಕೆಗೆ ತಾಲ್ಲೂಕಿನಿಂದ ಸುದ್ದಿ ಕಳಿಸುವವರದ್ದು. ಅವರು ಪತ್ರಿಕೆಯ ಏಜೆಂಟ್ ಕೂಡ ಹೌದು. ಬೆಳಗ್ಗೆ ಪೇಪರ್ ಹಂಚಿಸುತ್ತಾರೆ, ಆಮೇಲೆ ಸುದ್ದಿ, ನಡುವೆ ಜಾಹೀರಾತು. ಅಚ್ಚಾದ ಸುದ್ದಿಗೆ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು. ನೇಮಕಾತಿ ಪತ್ರ ಇಲ್ಲ. ಬರೆದದ್ದೆಲ್ಲ ‘ನಮ್ಮ ಪ್ರತಿನಿಧಿಯಿಂದ’ ಎಂಬ ಹೆಸರಿಲ್ಲದ ಹೆಸರಿನಲ್ಲಿ ಹೋಗುತ್ತದೆ. ಲಕೋಟೆಯಲ್ಲಿ ಅದೇ ಅಚ್ಚಾದ ವರದಿಯ ಕ್ಲಿಪ್ಪಿಂಗ್ ಇತ್ತು, ಸಂಪಾದಕರ ಪತ್ರ ಇರಲಿಲ್ಲ. ಅದರ ಬದಲು ಅವರು ತಾವು ಕಳಿಸಿದ್ದ ಮೂಲ ಕಾಪಿಯ, ಅಂದರೆ ಯಾರೂ ತಿದ್ದುವ ಮೊದಲಿನ ಬರಹದ, ಪ್ರಿಂಟ್ ಇಟ್ಟಿದ್ದರು, ಜೊತೆಗೆ ಒಂದು ನೋಟ್‌ಬುಕ್ಕಿನ 11 ಪುಟಗಳ ಜೆರಾಕ್ಸ್. ಪ್ರತಿ ಪುಟದಲ್ಲಿ ಊರಿನ ಹೆಸರು, ತಾರೀಖು, ಘಟಕದ ಸ್ಥಿತಿ, ಮಾತಾಡಿಸಿದವರ ಹೆಸರು. ಅಂಚಿನಲ್ಲಿ ಪೆಟ್ರೋಲಿನ ಲೆಕ್ಕ.

ನಿಯಮ ನೋಡಿದರೆ 14ನೇ ಅರ್ಜಿ ಪರಿಶೀಲನೆಯಲ್ಲೇ ಬಿದ್ದುಹೋಗಬೇಕಿತ್ತು. ಉಳಿದದ್ದು ಕಚೇರಿಯ ಸಹಾಯಕನಿಂದ. ‘ಬಂದದ್ದಕ್ಕೆಲ್ಲ ನಂಬರ್ ಹಾಕು’ ಎಂದು ಹೇಳಿದ್ದರು, ಅವನು ಅಕ್ಷರಶಃ ಹಾಗೇ ಮಾಡಿದ್ದ.

ನಮ್ಮ ದೊಡ್ಡ ತಪ್ಪು

ಮೊದಲ ಸಭೆಯಲ್ಲಿ ನಿವೃತ್ತ ಸಂಪಾದಕರ ವಾದ ಸರಳವಾಗಿತ್ತು. ಪ್ರಕಟವಾದದ್ದು ಯಾರ ಹೆಸರಿನಲ್ಲೋ ಅವರದ್ದೇ ವರದಿ. ಇಲ್ಲವಾದರೆ ನಾವು ಪ್ರತಿ ಪತ್ರಿಕೆಯ ಒಳಮನೆಗೆ ಇಣುಕಬೇಕಾಗುತ್ತದೆ. ಅಧ್ಯಾಪಕಿ ಒಪ್ಪಲಿಲ್ಲ. ಬೇರೆಯವರ ಬರಹವನ್ನು ಮೂಲ ಹೇಳದೆ ತನ್ನದೆಂದು ತೋರಿಸುವುದು ತಪ್ಪೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸೂತ್ರಗಳೇ ಹೇಳುತ್ತವೆ, ಅದು ಬೇರೆ ಪತ್ರಿಕೆಯಿಂದ ಕದ್ದರೆ ಮಾತ್ರ ತಪ್ಪೇ ಎಂದು ಕೇಳಿದರು. ನಾನು ನಡುವೆ ಕೂತಿದ್ದೆ. ‘ಇಬ್ಬರನ್ನೂ ಕರೆಸಿ ಕೇಳೋಣ’ ಎಂದವನು ನಾನೇ.

ಇಬ್ಬರನ್ನೂ ಒಟ್ಟಿಗೆ ಕರೆಸಿದೆವು. ಪತ್ರಿಕಾ ಭವನದ ಮೇಲಿನ ಕೋಣೆ, ಆರು ಕುರ್ಚಿ, ಚಹಾ. ಜಿಲ್ಲಾ ವರದಿಗಾರರು ಮೊದಲು ಬಂದು ಕೂತರು. ತಾಲ್ಲೂಕಿನವರು ಬಸ್ಸಿಳಿದು ಬಂದವರು ಬಾಗಿಲಲ್ಲೇ ನಿಂತು, ಅವರನ್ನು ನೋಡಿ, ‘ನಮಸ್ಕಾರ ಸಾರ್’ ಎಂದರು. ಆ ನಮಸ್ಕಾರ ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಇವರ ಸುದ್ದಿ ಬೆಳಗಾಗುವುದರೊಳಗೆ ಪುಟಕ್ಕೆ ಹೋಗುತ್ತದೋ ಇಲ್ಲವೋ, ಮುಂದಿನ ತಿಂಗಳೂ ಇವರು ಇರುತ್ತಾರೋ ಇಲ್ಲವೋ, ಎಲ್ಲ ಎದುರು ಕುರ್ಚಿಯವರ ಮಾತಿನ ಮೇಲೆ ನಿಂತಿದೆ. ಅಂಥವರ ಮುಂದೆ ಕೂರಿಸಿ ‘ವರದಿ ನಿಮ್ಮದೋ ಅವರದ್ದೋ’ ಎಂದು ಕೇಳಿದೆವು.

‘ಬರೆದದ್ದು ಸಾರೇ. ನಾನು ಬರೀ ಮಾಹಿತಿ ಕೊಟ್ಟೆ. ಗೊತ್ತಾಗದೆ ಅರ್ಜಿ ಹಾಕಿಬಿಟ್ಟೆ, ವಾಪಸ್ ತಗೋತೀನಿ’ ಎಂದರು. ಅಲ್ಲೇ ಒಂದು ಚೀಟಿ ಬರೆದುಕೊಟ್ಟರು. ಚಹಾ ಮುಟ್ಟಲಿಲ್ಲ.

ನಮಗೆ ಒಂದು ದಿನದ ಮಟ್ಟಿಗೆ ನಿರಾಳವಾಯಿತು. ಅದನ್ನು ಮುಚ್ಚಿಡುವುದಿಲ್ಲ. ತಕರಾರಿಲ್ಲದ ವಿಜೇತ ಸಿಕ್ಕಿದ್ದ. ಮರುದಿನ ಬೆಳಗ್ಗೆ ಅಧ್ಯಾಪಕಿ ಫೋನ್ ಮಾಡಿ, ಆ ಚೀಟಿಯನ್ನು ಒಪ್ಪುವುದಾದರೆ ತೀರ್ಪಿನ ಹಾಳೆಗೆ ಸಹಿ ಹಾಕುವುದಿಲ್ಲ ಎಂದರು. ಹೆದರಿ ಬರೆದುಕೊಟ್ಟ ಚೀಟಿಯನ್ನು ಒಪ್ಪಿಗೆ ಎಂದು ಕರೆಯಬೇಡಿ, ಮೂಲ ಕಾಪಿಯನ್ನೂ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟು ಓದಿ, ಆಮೇಲೆ ಮಾತಾಡೋಣ ಎಂದರು.

ಪಕ್ಕಪಕ್ಕ ಇಟ್ಟಾಗ

ಓದಿದೆವು. ಅಚ್ಚಾದ ವರದಿಯಲ್ಲಿ 16 ಪ್ಯಾರಾ. ಅದರಲ್ಲಿ 9 ಪ್ಯಾರಾದ ವಿಷಯ, ಜೊತೆಗೆ ಇಡೀ ಪಟ್ಟಿ, ತಾಲ್ಲೂಕಿನವರ ನೋಟ್‌ಬುಕ್ಕಿನಿಂದ ಬಂದದ್ದು. ಮೂರು ಕಡೆ ಅವರ ವಾಕ್ಯಗಳೇ ಹಾಗೆ ಹಾಗೇ ಇದ್ದವು. ಆದರೆ ಅವರ ಕಾಪಿಯಲ್ಲಿ ಕಡತದ ಸುದ್ದಿ ಇರಲಿಲ್ಲ. ‘19 ಘಟಕ ಕೆಟ್ಟಿವೆ, ಅಧಿಕಾರಿಗಳು ಗಮನಿಸಬೇಕು’ ಎಂದು ಮುಗಿದಿತ್ತು. ಬಿಲ್ ಪಾವತಿಯ ದಾಖಲೆ ತೆಗೆಸಿದ್ದು, ಜಿಲ್ಲಾ ಪಂಚಾಯಿತಿ ಸಿಇಒ ಬಾಯಿಂದ ಉತ್ತರ ಹೊರಡಿಸಿದ್ದು ಜಿಲ್ಲಾ ವರದಿಗಾರರು. ಅಹವಾಲಿನಂತಿದ್ದದ್ದು ತನಿಖೆಯಾದದ್ದು ಅದರಿಂದಲೇ. ಇನ್ನು ಮೊದಲ ಪ್ಯಾರಾ, ಆ ಖಾಲಿ ಕೊಡಗಳ ಸಾಲು, ಇಬ್ಬರ ಕಾಪಿಯಲ್ಲೂ ಇಲ್ಲ. ಅದು ಡೆಸ್ಕಿನವರ ಕೈಚಳಕ. ಅವರು ಯಾವ ಲಕೋಟೆಯನ್ನೂ ಕಳಿಸಿರಲಿಲ್ಲ. ನಾವು ಡೆಸ್ಕಿನವರು ಕಳಿಸುವುದೂ ಇಲ್ಲ.

ಕಳ್ಳನೊಬ್ಬ, ಕಳಕೊಂಡವನೊಬ್ಬ ಎಂಬ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತಿದ್ದ ನಮಗೆ ಇದು ಅಷ್ಟು ಸುಲಭಕ್ಕೆ ಸಿಗಲಿಲ್ಲ.

ಆಗ ಅಧ್ಯಾಪಕಿ ಅಮೆರಿಕದ ಒಂದು ಪ್ರಕರಣ ನೆನಪಿಸಿದರು. ರಿಕ್ ಬ್ರಾಗ್ 1996ರಲ್ಲಿ ಅಲ್ಲಿನ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಪಡೆದವರು, ‘ನ್ಯೂಯಾರ್ಕ್ ಟೈಮ್ಸ್’ನ ಹೆಸರಾಂತ ವರದಿಗಾರ. 2002ರಲ್ಲಿ ಫ್ಲಾರಿಡಾದ ಅಪಲಾಚಿಕೋಲ ಎಂಬ ಊರಿನ ಸಿಂಪಿ ಹಿಡಿಯುವವರ ಬಗ್ಗೆ ಅವರ ಹೆಸರಿನಲ್ಲಿ ಬಂದ ಲೇಖನಕ್ಕೆ ಅಲ್ಲಿದ್ದು ಕಂಡು ಕೇಳಿ ಮಾಹಿತಿ ತಂದವನು ಬಹುಮಟ್ಟಿಗೆ ಒಬ್ಬ ಯುವ ಸಹಾಯಕ. ಬ್ರಾಗ್ ಆ ಊರಿಗೆ ಹೋಗಿದ್ದು ಸ್ವಲ್ಪ ಹೊತ್ತು. 2003ರ ಮೇ ತಿಂಗಳಲ್ಲಿ ಪತ್ರಿಕೆ, ಆ ಸಹಾಯಕನಿಗೂ ಬೈಲೈನ್‌ನಲ್ಲಿ ಪಾಲು ಸಿಗಬೇಕಿತ್ತು ಎಂದು ಸಂಪಾದಕರ ಟಿಪ್ಪಣಿ ಪ್ರಕಟಿಸಿತು. ಬ್ರಾಗ್ ಅಮಾನತಾದರು, ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ನಿವೃತ್ತ ಸಂಪಾದಕರು ನಕ್ಕು, ‘ನಮ್ಮಲ್ಲಿ ಆ ಲೆಕ್ಕ ಹಿಡಿದರೆ ಜಿಲ್ಲಾ ಕಚೇರಿಗಳೆಲ್ಲ ಖಾಲಿಯಾಗುತ್ತವೆ’ ಎಂದರು. ಆದರೆ ಅದಾದ ಮೇಲೆ ಬೈಲೈನ್ ವಾದವನ್ನು ಅವರು ಮತ್ತೆ ಎತ್ತಲಿಲ್ಲ.

ಈ ಸಲ ಜಿಲ್ಲಾ ವರದಿಗಾರರನ್ನು ಒಬ್ಬರನ್ನೇ ಭೇಟಿಯಾದೆವು. ಅವರು ಜಗಳಕ್ಕೆ ಬರಲಿಲ್ಲ. ‘ಜಂಟಿ ಬೈಲೈನ್ ಕೇಳಿದ್ದೆ. ಸಿಬ್ಬಂದಿ ಅಲ್ಲದವರಿಗೆ ಕೊಡೋ ಪದ್ಧತಿ ಇಲ್ಲ ಅಂದರು. ಕೊನೆಗೆ, ಪೂರಕ ಮಾಹಿತಿ ಅಂತ ಅವರ ಹೆಸರು ಹಾಕಿ ಕಳಿಸಿದ್ದೆ. ಅಚ್ಚಾಗುವಾಗ ಇರಲಿಲ್ಲ.’ ಸಾಕ್ಷಿ ಇದೆಯೇ ಎಂದು ನಮ್ಮ ನಿವೃತ್ತ ಸಂಪಾದಕರು ಕೇಳಿದರು. ಇರಲಿಲ್ಲ.

ನಾನು ಆ ಮಾತು ನಂಬಿದೆ. ಏಕೆಂದರೆ ಆ ಸಾಲನ್ನು ಕತ್ತರಿಸುವ ಕೆಲಸವನ್ನು ನಾನೇ ಎಷ್ಟೋ ರಾತ್ರಿ ಮಾಡಿದ್ದೇನೆ. ಮುಖ್ಯವಾದದ್ದನ್ನು ಮೊದಲು ಬರೆಯುವುದು, ಜಾಗ ಸಾಲದೆ ಬಂದರೆ ಬಾಲದಿಂದ ಕತ್ತರಿಸುವುದು ನಮ್ಮ ಕಸುಬಿನ ಪಾಠ. ಹನ್ನೊಂದು ಗಂಟೆಗೆ ಜಾಹೀರಾತು ಎರಡು ಸೆಂಟಿಮೀಟರ್ ಬೆಳೆದರೆ ವರದಿಯ ಕೊನೆಯ ಸಾಲು ಹೋಗುತ್ತದೆ. ಹಳ್ಳಿಯವನ ಹೆಸರು ಹಾಕುವುದಿದ್ದರೆ ನಾವು ಹಾಕುವುದು ಆ ಕೊನೆಯ ಸಾಲಿನಲ್ಲೇ. ಯಾರ ಮೇಲೂ ದ್ವೇಷ ಇಲ್ಲದೆ, ಹೀಗೆ ಎಷ್ಟು ಹೆಸರು ಕತ್ತರಿಸಿದೆನೋ.

ದತ್ತಿ ಪತ್ರ

ಪ್ರಶಸ್ತಿ ಹಂಚಬಹುದೇ ಎಂಬ ಪ್ರಶ್ನೆ ಬಂದಾಗ ಕಾರ್ಯದರ್ಶಿ, ದತ್ತಿ ಪತ್ರದಲ್ಲಿ ‘ಒಬ್ಬರಿಗೆ’ ಎಂದಿರಬೇಕು ಎಂದರು. ಅದನ್ನು ಯಾರೂ ಓದಿದ ನೆನಪಿರಲಿಲ್ಲ. ಠೇವಣಿ ನವೀಕರಣದ ಕಡತದಲ್ಲಿ ಮೂಲ ಪತ್ರ ಸಿಕ್ಕಿತು. ಒಂದೂವರೆ ಪುಟ, ಟೈಪ್‌ರೈಟರಿನದ್ದು. ಯಾರ ಹೆಸರಿನ ಪ್ರಶಸ್ತಿಯೋ ಅವರು ಬಾಳಿನುದ್ದಕ್ಕೂ ಒಂದು ಹೋಬಳಿಯಿಂದ ಸುದ್ದಿ ಕಳಿಸುತ್ತಿದ್ದವರು. ಮಗ ಬರೆಸಿದ್ದ ಪತ್ರದಲ್ಲಿ ಹೀಗಿತ್ತು: ತಾಲ್ಲೂಕು ಅಥವಾ ಹೋಬಳಿ ಮಟ್ಟದಲ್ಲಿ ನೆಲೆಸಿ ಕೆಲಸ ಮಾಡುವ ವರದಿಗಾರರಿಗೆ ಈ ಪ್ರಶಸ್ತಿ ಸಲ್ಲತಕ್ಕದ್ದು. ‘ಒಬ್ಬರಿಗೆ’ ಎಂಬ ಮಾತು ಎಲ್ಲೂ ಇರಲಿಲ್ಲ.

ಕೆಳಗಿನ ಸಭಾಂಗಣದ ಗೋಡೆಯಲ್ಲಿ ವಿಜೇತರ ಹೆಸರಿನ ಮರದ ಫಲಕ ಇದೆ. ಮೂವರೂ ಇಳಿದು ಬಂದು ಲೆಕ್ಕ ಹಾಕಿದೆವು. ಆ ಪ್ರಶಸ್ತಿಯ ಕೆಳಗೆ 24 ಹೆಸರು. ಅದರಲ್ಲಿ 17 ಮಂದಿ ಜಿಲ್ಲಾ ಕೇಂದ್ರ ಬಿಟ್ಟು ಎಲ್ಲೂ ಕೆಲಸ ಮಾಡಿದವರಲ್ಲ. ಹಳ್ಳಿಯ ಬಗ್ಗೆ ಬರೆದರೆ ಗ್ರಾಮಾಂತರ ವರದಿ ಎಂದು ಎಲ್ಲರೂ ಅರ್ಥ ಮಾಡಿಕೊಂಡಿದ್ದರು. ಯಾರೂ ಮೋಸ ಮಾಡಿರಲಿಲ್ಲ. ಪತ್ರ ಕಪಾಟಿನಲ್ಲಿತ್ತು, ಅಷ್ಟೇ.

ತೀರ್ಮಾನ, ಮತ್ತು ಒಂದು ಫೋನ್

ದತ್ತಿ ಪತ್ರವನ್ನು ಅಕ್ಷರಶಃ ಹಿಡಿದರೆ ಪ್ರಶಸ್ತಿ ತಾಲ್ಲೂಕಿನವರಿಗೊಬ್ಬರಿಗೇ ಸಲ್ಲಬೇಕು. ಅಧ್ಯಾಪಕಿಗೆ ಅದೇ ಇಷ್ಟವಿತ್ತು. ನನಗೆ ಹಾಗನ್ನಿಸಲಿಲ್ಲ. ದಾಖಲೆ ತೆಗೆಸಿದವರ ಹೆಸರನ್ನು ಈ ಕಡೆಯಿಂದ ಕತ್ತರಿಸಿದರೆ ನಾವೂ ಡೆಸ್ಕಿನ ಕೆಲಸವನ್ನೇ ಮಾಡಿದಂತೆ. ಪುಲಿಟ್ಜರ್‌ನಲ್ಲಿ ಎಷ್ಟೋ ವರ್ಷ ಪ್ರಶಸ್ತಿ ಒಬ್ಬ ವ್ಯಕ್ತಿಗಲ್ಲ, ಪತ್ರಿಕೆಯ ಇಡೀ ಸಿಬ್ಬಂದಿ ಬಳಗಕ್ಕೆ ಹೋಗಿದೆ. ಆ ದಾರಿ ನಮಗೆ ಒಪ್ಪಿಗೆಯಾಯಿತು. ಪ್ರಶಸ್ತಿ ವರದಿಗೆ, ಹೆಸರು ಎರಡು, ಹಣ ಸಮಪಾಲು, ಪ್ರಶಸ್ತಿ ಪತ್ರದಲ್ಲಿ ಯಾರು ಏನು ಮಾಡಿದರು ಎಂಬ ಒಂದೊಂದು ಸಾಲು. ಮೊದಲ ಹೆಸರು ತಾಲ್ಲೂಕಿನವರದ್ದು. ಹಿಂದೆ ಪಡೆದ ಚೀಟಿಯನ್ನು ಹರಿದು ಹಾಕಿದೆವು. ಅಧ್ಯಾಪಕಿಯೇ ಆ ಊರಿಗೆ ಹೋಗಿ ಅವರೊಡನೆ ಮಾತಾಡಿ ಬಂದರು.

ಪಟ್ಟಿ ಹೊರಬೀಳುವ ಮೊದಲೇ ಪತ್ರಿಕೆಯ ಪ್ರಾದೇಶಿಕ ಕಚೇರಿಯಿಂದ ಅಧ್ಯಕ್ಷರಿಗೆ ಫೋನ್ ಬಂತು. ಕೋಪದ ಮಾತಲ್ಲ, ಎಚ್ಚರಿಕೆಯ ಮಾತು. ‘ಆತ ನಮ್ಮ ಸಿಬ್ಬಂದಿ ಅಲ್ಲ. ನೀವು ನಮ್ಮ ಪತ್ರಿಕೆಯ ವರದಿಗಾರ ಅಂತ ಬರೆದು, ಸಹಿ ಹಾಕಿ ಕೊಟ್ಟರೆ ನಾಳೆ ಅದನ್ನೇ ಹಿಡಿದು ಕೋರ್ಟಿಗೆ ಹೋಗ್ತಾರೆ.’

ಪೂರ್ತಿ ಸುಳ್ಳು ಭಯವಲ್ಲ ಅದು. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯ ವ್ಯಾಖ್ಯೆಯಲ್ಲಿ ಅರೆಕಾಲಿಕರಿಗೂ ಜಾಗವಿತ್ತು. ಎಷ್ಟೋ ಜನ ಬಿಡಿ ಸುದ್ದಿಗಾರರಿಗೆ ಕಾಗದವೇ ಇಲ್ಲದಿರುವುದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಸಂಘದಲ್ಲಿದ್ದ ವಕೀಲ ಮಿತ್ರರು ಇನ್ನೊಂದು ಸ್ವಾರಸ್ಯ ತೋರಿಸಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಸೇವಾ ಒಪ್ಪಂದದಡಿ ನೌಕರಿಯಲ್ಲಿರುವವನು ಪತ್ರಿಕೆಗಾಗಿ ಬರೆದದ್ದರ ಪ್ರಕಟಣೆಯ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಪತ್ರಿಕೆಯ ಒಡೆಯರದ್ದು. ‘ಆತ ನೌಕರ ಅಲ್ಲ ಅಂತ ಅವರೇ ಗಟ್ಟಿಯಾಗಿ ಹೇಳಿದಷ್ಟೂ, ಆತ ಬರೆದದ್ದು ಆತನದ್ದೇ ಅಂತ ಹೇಳಿದ ಹಾಗೆ’ ಎಂದು ನಕ್ಕರು. ಅದನ್ನು ವಾದವಾಗಿ ಬೆಳೆಸಲು ಅಧ್ಯಕ್ಷರಿಗೆ ಧೈರ್ಯ ಬರಲಿಲ್ಲ. ಸಭಾಂಗಣದ ಅರ್ಧ ಕುರ್ಚಿಗಳು ಆ ಪತ್ರಿಕೆ ಕೊಡಿಸಿದವು.

ಬಿಕ್ಕಟ್ಟು ಬಿಡಿಸಿದ್ದು ಒಂದು ವಾಕ್ಯ. ಪ್ರಶಸ್ತಿ ಪತ್ರದಿಂದ ಹುದ್ದೆ, ಪತ್ರಿಕೆ ಎರಡನ್ನೂ ತೆಗೆದು, ‘ತಾಲ್ಲೂಕಿನ 31 ಘಟಕಗಳಿಗೂ ಖುದ್ದು ಹೋಗಿ, ಕಂಡದ್ದನ್ನು ಬರೆದಿಟ್ಟ’ ಎಂದು ಅವರ ಹೆಸರಿನ ಹಿಂದೆ ಸೇರಿಸಿದೆ. ಬರೆದವನು ನಾನೇ. ಕೆಲಸವನ್ನು ಹೇಳುವ ವಾಕ್ಯ ಹುದ್ದೆಯನ್ನು ಹೇಳುವ ವಾಕ್ಯಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ಪತ್ರಿಕೆ ನುಣುಚಿಕೊಳ್ಳಲು ಸಂದು ಮಾಡಿಕೊಟ್ಟದ್ದೂ ಅದೇ ವಾಕ್ಯ. ಅದರ ಬಗ್ಗೆ ನನಗೆ ಈಗಲೂ ಎರಡು ಮನಸ್ಸಿದೆ.

ಸಮಾರಂಭಕ್ಕೆ ಇಬ್ಬರೂ ಬಂದರು. ಒಟ್ಟಿಗೇ ವೇದಿಕೆ ಹತ್ತಿದರು. ಮರುದಿನ ಅವರದೇ ಪತ್ರಿಕೆಯಲ್ಲಿ ಸಮಾರಂಭದ ಸುದ್ದಿ ಬಂದಾಗ ವಿಜೇತರ ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಜಿಲ್ಲಾ ವರದಿಗಾರರದ್ದು. ಜಾಗದ ಕೊರತೆಯೋ ಬೇರೆಯೋ ಎಂದು ನಾನು ವಿಚಾರಿಸಲಿಲ್ಲ.

ಆಮೇಲೆ

ಸಂಘ ಮರುವರ್ಷ ಮೂರು ಬದಲಾವಣೆ ಮಾಡಿತು. ಎಲ್ಲ ದತ್ತಿ ಪತ್ರಗಳನ್ನೂ ಓದಿ, ಸರ್ವ ಸದಸ್ಯರ ಸಭೆಯಲ್ಲಿಟ್ಟು, ದತ್ತಿದಾರರ ಒಪ್ಪಿಗೆ ಪಡೆದು 17 ಪ್ರಶಸ್ತಿಗಳನ್ನು 7ಕ್ಕೆ ಇಳಿಸಿತು. ಉಳಿದ ಹಣದಲ್ಲಿ ಹಿರಿಯರಿಗೆ ಸನ್ಮಾನ, ಅದಕ್ಕೆ ಅರ್ಜಿ ಬೇಡ. ಸಂಪಾದಕರ ಪತ್ರ ಕಡ್ಡಾಯ ಎಂಬ ಷರತ್ತು ಹೋಯಿತು. ಮೂಲ ಕಾಪಿ, ನೋಟ್‌ಬುಕ್, ಕಳಿಸಿದ ಸಂದೇಶ ಯಾವುದಾದರೂ ಸಾಕು. ಮತ್ತು ಅರ್ಜಿ ನಮೂನೆಗೆ ಒಂದು ಹೊಸ ಕಲಂ ಬಂತು: ‘ಈ ವರದಿಗಾಗಿ ಯಾರು ಯಾರು, ಏನೇನು ಕೆಲಸ ಮಾಡಿದ್ದಾರೆ?’

ತಾಲ್ಲೂಕುಗಳಿಂದ ಹಿಂದೆ ಮೂರು ಅರ್ಜಿ ಬಂದಿದ್ದಲ್ಲಿ ಆ ವರ್ಷ 19 ಬಂದವು. ಜೊತೆಗೆ ಹೊಸ ಕಾಯಿಲೆಯೂ ಬಂತು. ಕಲಂ ಇದೆ ಎಂದಾದ ಮೇಲೆ ಕೆಲವರು ನಾಲ್ಕೈದು ಹೆಸರು ತುಂಬಿಸತೊಡಗಿದರು, ಸ್ನೇಹಕ್ಕೆ, ಋಣಕ್ಕೆ. ಒಂದು ಅರ್ಧ ಕಾಲಮ್ಮಿನ ಅಪಘಾತ ಸುದ್ದಿಗೆ ಐವರು ವರದಿಗಾರರು. ಹಿಂಬಾಗಿಲಿನಿಂದ ಸರದಿ ಮತ್ತೆ ಒಳಗೆ ಬಂದಿತ್ತು. ಈಗ ಪ್ರತಿ ಹೆಸರಿನ ಮುಂದೆ ಮಾಡಿದ ಕೆಲಸವನ್ನು ಬರೆಯದಿದ್ದರೆ ಆ ಹೆಸರನ್ನು ಪರಿಗಣಿಸುವುದಿಲ್ಲ. ಇದರಿಂದ ಸ್ವಲ್ಪ ಹಿಡಿತ ಸಿಕ್ಕಿದೆ, ಪೂರ್ತಿ ಇಲ್ಲ.

ಜಿಲ್ಲಾ ವರದಿಗಾರರು ವರ್ಗವಾಗಿ ಬೇರೆ ಜಿಲ್ಲೆಗೆ ಹೋದರು. ತಾಲ್ಲೂಕಿನವರು ಅಲ್ಲೇ ಇದ್ದಾರೆ, ಅದೇ ಏಜೆನ್ಸಿ, ಅದೇ ಸೆಂಟಿಮೀಟರ್ ಲೆಕ್ಕ. ಕಳೆದ ಸಲ ಅವರು ಮತ್ತೊಂದು ಅರ್ಜಿ ಕಳಿಸಿದ್ದರು, ಹಾಳುಬಿದ್ದ ಕೆರೆ ಕಾಲುವೆಗಳ ಬಗ್ಗೆ. ಹೊಸ ಕಲಮ್ಮಿನಲ್ಲಿ ತಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆದಿದ್ದರು. ಅದರ ಮುಂದೆ, ಕೆಲಸ: ‘ಬೈಕ್ ಓಡಿಸಿದ್ದು. ಹೋದ ಸಲದ 31 ಊರಿಗೂ ಇವನೇ.’

ಅವನನ್ನೂ ವೇದಿಕೆಗೆ ಕರೆಯಬೇಕೋ ಬೇಡವೋ ಎಂದು ಆಯ್ಕೆ ಸಮಿತಿ ಎರಡು ಸಲ ಸಭೆ ಸೇರಿತು. ನನ್ನನ್ನೂ ಕೇಳಿದರು. ಆ ನೋಟ್‌ಬುಕ್ಕಿನ ಅಂಚಿನ ಪೆಟ್ರೋಲಿನ ಲೆಕ್ಕ ಅವನ ಕೈಬರಹ ಇರಬಹುದೇ ನೋಡಿ ಎಂದೆ. ಇನ್ನೂ ಉತ್ತರ ಬಂದಿಲ್ಲ.